ಭಿತ್ತಿಪತ್ರದ ನಡುಗೆರೆ: ‘ನಮ್ಮದು’ ಮತ್ತು ‘ಪಾಶ್ಚಾತ್ಯ’ ಎಂಬ ಎರಡು ಬದಿಗಳ ಚರಿತ್ರೆ



ಹಮದ್ ಟೌನ್ ಮತ್ತು ಅದರ ಆಸುಪಾಸಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳು ಶಾಲೆಗೋ ಸಂಘದ ಸ್ಪರ್ಧೆಗೋ ಒಂದಲ್ಲ ಒಂದು ವರ್ಷ ಈ ಚಾರ್ಟನ್ನು ಬರೆದೇ ಇರುತ್ತಾರೆ: ‘ನಮ್ಮ ಸಂಸ್ಕೃತಿಯ ಮೌಲ್ಯಗಳು, ಪಾಶ್ಚಾತ್ಯ ಸಂಸ್ಕೃತಿಯ ಮೌಲ್ಯಗಳು.’ ಕಾಗದದ ನಡುವೆ ಒಂದು ಗೆರೆ. ಎಡಗಡೆ ನಂದಾದೀಪ, ರಂಗೋಲಿ, ಬಾಳೆಲೆಯ ಊಟ, ಅಜ್ಜ ಅಜ್ಜಿಯರ ಕಾಲಿಗೆರಗುವ ಮಗು. ಬಲಗಡೆ ಕೇಕು, ಟೈ ಕಟ್ಟಿದ ಮನುಷ್ಯ, ಕೈಗಡಿಯಾರ, ವೃದ್ಧಾಶ್ರಮ. ಎಡಕ್ಕೆ ಅವಿಭಕ್ತ ಕುಟುಂಬ, ಬಲಕ್ಕೆ ಒಂಟಿತನ. ಎಡಕ್ಕೆ ಪ್ರಕೃತಿಪೂಜೆ, ಬಲಕ್ಕೆ ಕಾರ್ಖಾನೆಯ ಹೊಗೆ. ಬಣ್ಣ ತುಂಬುವವರು ಮಕ್ಕಳು; ಯಾವುದು ಯಾವ ಬದಿಗೆ ಎಂದು ಹೇಳಿಕೊಡುವವರು ನಾವು, ಹಿರಿಯರು.

ಆ ನಡುಗೆರೆಯನ್ನು ಮೊದಲು ಎಳೆದವರು ಯಾರು? ಅದರ ಎರಡೂ ಬದಿಗೆ ನಾವು ಬರೆಯುವ ಸಂಗತಿಗಳು ಚರಿತ್ರೆಯಲ್ಲಿ ನಿಜವಾಗಿ ಆಯಾ ಬದಿಯಲ್ಲಿದ್ದವೆ? ಪರನಾಡಿನಲ್ಲಿ ಬೆಳೆಯುವ ಮಕ್ಕಳು ‘ನಾವು ಯಾರು’ ಎಂಬುದನ್ನು ಬಹುಮಟ್ಟಿಗೆ ಇಂತಹ ಚಿತ್ರಗಳಿಂದಲೇ ಕಲಿಯುತ್ತಾರೆ. ಆದ್ದರಿಂದ ಈ ಪ್ರಶ್ನೆ ಕ್ಷುಲ್ಲಕವಲ್ಲವೆಂದು ಭಾವಿಸಿ ಈ ಲೇಖನವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಗೆರೆ ಹುಟ್ಟಿದ ಬಗೆ

ಪೂರ್ವ ಮತ್ತು ಪಶ್ಚಿಮಗಳನ್ನು ಎದುರುಬದುರು ನಿಲ್ಲಿಸಿ ಅಳೆಯುವ ರೂಢಿಗೆ ನಮ್ಮಲ್ಲಿ ಬಲ ಬಂದದ್ದು ವಸಾಹತು ಆಡಳಿತದ ಕಾಲದಲ್ಲಿ. 1835ರಲ್ಲಿ ಮೆಕಾಲೆ ತನ್ನ ಶಿಕ್ಷಣ ಟಿಪ್ಪಣಿಯಲ್ಲಿ ಎರಡು ಬದಿಗಳನ್ನು ಮಾಡಿ ಪಾಶ್ಚಾತ್ಯ ವಿದ್ಯೆಯನ್ನು ಮೇಲಕ್ಕೂ ಭಾರತದ ವಿದ್ಯೆಯನ್ನು ಕೆಳಕ್ಕೂ ಇಟ್ಟನು. ಮುಂದೆ ರಾಷ್ಟ್ರೀಯ ಚಳವಳಿಯ ನಾಯಕರಲ್ಲಿ ಹಲವರು ಅದೇ ಪಟ್ಟಿಯನ್ನು ತಿರುವಿಹಾಕಿದರು. ಕೆಳಗಿದ್ದದ್ದು ಮೇಲಕ್ಕೆ ಬಂದಿತು, ಗೆರೆ ಮಾತ್ರ ಇದ್ದಲ್ಲಿಯೇ ಉಳಿಯಿತು. ಸೋತ ಜನಕ್ಕೆ ತಲೆಯೆತ್ತಿ ನಿಲ್ಲಲು ಆ ತಿರುವು ಅಗತ್ಯವಾಗಿತ್ತು. 1917ರಲ್ಲಿ ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಬರೆದಾಗ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ತಮ್ಮದೆಂಬುದೊಂದು ಇದೆಯೆಂಬ ನೆನಪು ಬೇಕಾಗಿತ್ತು.

ಆದರೆ ಈ ತಿರುವಿನ ಕಾಲದಲ್ಲಿಯೂ ಗೆರೆ ಅಷ್ಟು ನೇರವಾಗಿರಲಿಲ್ಲ. ಪಾಶ್ಚಾತ್ಯ ನಾಗರಿಕತೆಯನ್ನು ಅತ್ಯಂತ ಕಟುವಾಗಿ ಖಂಡಿಸಿದ ಕೃತಿಗಳಲ್ಲೊಂದು ಗಾಂಧೀಜಿಯವರ ‘ಹಿಂದ್ ಸ್ವರಾಜ್’. 1909ರಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಾಕ್ಕೆ ಮರಳುವ ಹಡಗಿನಲ್ಲಿ ಅವರು ಅದನ್ನು ಗುಜರಾತಿಯಲ್ಲಿ ಬರೆದರು. ಆ ಪುಸ್ತಕದ ಕೊನೆಯಲ್ಲಿ ಓದುಗರಿಗೆ ಅವರು ಸೂಚಿಸಿದ ಗ್ರಂಥಗಳ ಪಟ್ಟಿಯನ್ನು ನೋಡಿದರೆ ಟಾಲ್‌ಸ್ಟಾಯ್, ರಸ್ಕಿನ್, ಥೋರೋ, ಪ್ಲೇಟೋ ಮೊದಲಾದ ಹೆಸರುಗಳೇ ಹೆಚ್ಚು; ಭಾರತೀಯ ಲೇಖಕರು ದಾದಾಭಾಯಿ ನವರೋಜಿ ಮತ್ತು ರಮೇಶಚಂದ್ರ ದತ್ತರಿಬ್ಬರೇ. ಪಶ್ಚಿಮವನ್ನು ಪ್ರಶ್ನಿಸಲು ಪಶ್ಚಿಮದೊಳಗಿನ ಪ್ರಶ್ನೆಗಾರರನ್ನೇ ಅವರು ಜೊತೆಗೆ ಕರೆದುಕೊಂಡಿದ್ದರು.

ಚಿತ್ರಗಳ ಕಥೆಯೂ ಹೀಗೆಯೇ. ನಮ್ಮ ದೇವರಮನೆಗಳಲ್ಲಿರುವ ಲಕ್ಷ್ಮಿ, ಸರಸ್ವತಿಯರ ಚಿತ್ರಗಳ ಮೂಲವನ್ನು ಹುಡುಕಿದರೆ ಹೆಚ್ಚಾಗಿ ರಾಜಾ ರವಿವರ್ಮನ ಬಳಿಗೆ ಹೋಗುತ್ತೇವೆ. ಅವನು ಬಳಸಿದ್ದು ಯುರೋಪಿನ ತೈಲವರ್ಣದ ಕ್ರಮ. 1894ರಲ್ಲಿ ಮುಂಬಯಿಯಲ್ಲಿ ಅವನು ಸ್ಥಾಪಿಸಿದ ಶಿಲಾಮುದ್ರಣಾಲಯಕ್ಕೆ ಯಂತ್ರಗಳೂ ತಂತ್ರಜ್ಞರೂ ಬಂದದ್ದು ಜರ್ಮನಿಯಿಂದ. ಇದು ಪಾಶ್ಚಾತ್ಯ ಅನುಕರಣೆಯಾಯಿತೆಂದು ಬೇಸರಗೊಂಡ ಬಂಗಾಳದ ಅವನೀಂದ್ರನಾಥ ಠಾಕೂರರು ಸ್ವದೇಶೀ ಶೈಲಿಯೊಂದನ್ನು ಕಟ್ಟಿ 1905ರಲ್ಲಿ ‘ಭಾರತಮಾತೆ’ಯನ್ನು ಚಿತ್ರಿಸಿದರು. ಆಕೆಯ ನಾಲ್ಕು ಕೈಗಳಲ್ಲಿ ಗ್ರಂಥ, ಭತ್ತದ ತೆನೆ, ಬಿಳಿಯ ಬಟ್ಟೆ ಮತ್ತು ಜಪಮಾಲೆ. ಆದರೆ ಅವರ ತೆಳುಬಣ್ಣದ ಕ್ರಮದಲ್ಲಿ, ಕೆಲವೇ ವರ್ಷಗಳ ಹಿಂದೆ ಕಲ್ಕತ್ತೆಗೆ ಬಂದಿದ್ದ ಜಪಾನೀ ಚಿತ್ರಕಾರರ ಪ್ರಭಾವವಿತ್ತು. ಮೈಸೂರಿನ ಕೆ. ವೆಂಕಟಪ್ಪನವರು ಕಲಿತದ್ದು ಈ ಅವನೀಂದ್ರನಾಥರ ಬಳಿಯೇ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಳಿ ಅವರ ಹೆಸರಿನ ಚಿತ್ರಶಾಲೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ‘ನಮ್ಮದು’ ಎಂದು ಸಾರಲು ಬರೆದ ಚಿತ್ರಗಳ ಬಣ್ಣದಲ್ಲಿಯೇ ಹೊರಗಿನ ನೀರು ಬೆರೆತಿತ್ತು. ಅದರಿಂದ ಅವು ನಮ್ಮವಾಗದೆ ಹೋಗಲಿಲ್ಲ.

ಬದಿ ಬದಲಿಸಿದ ವಸ್ತುಗಳು

ಈಗ ನಮ್ಮ ಊರುಗಳ ಕಡೆಗೆ ಬರೋಣ. ಈ ದ್ವೀಪದ ಕನ್ನಡಿಗರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಕಡೆಯವರು ಗಣನೀಯ ಸಂಖ್ಯೆಯಲ್ಲಿದ್ದೇವೆ. ‘ನಮ್ಮ ಊರ ಮನೆ’ ಎಂದು ಮಗುವಿಗೆ ಹೇಳಿದರೆ ಅದು ಕೆಂಪು ಹೆಂಚಿನ ಮನೆಯನ್ನು ಬರೆಯುತ್ತದೆ. ಆ ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಜೆಪ್ಪುವಿನಲ್ಲಿ ತೆರೆದದ್ದು ಬಾಸೆಲ್ ಮಿಷನ್. ಮಣ್ಣು ನೇತ್ರಾವತಿ ತೀರದ್ದು, ಅಚ್ಚು ಯುರೋಪಿನದು, ದುಡಿಮೆ ನಮ್ಮವರದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದವನು ಜರ್ಮನಿಯ ಹರ್ಮನ್ ಮೊಗ್ಲಿಂಗ್. ಕನ್ನಡದ ಶಬ್ದಸಂಪತ್ತನ್ನು ಕಲೆಹಾಕಿ 1894ರಲ್ಲಿ ನಿಘಂಟು ನೀಡಿದವನು ಫರ್ಡಿನೆಂಡ್ ಕಿಟೆಲ್. ಇನ್ನು ಬಲಬದಿಗೆ ಸೇರಿಸುವ ಸಮವಸ್ತ್ರದ ಖಾಕಿಯನ್ನು ನೋಡಿ: ಹೆಸರು ಧೂಳು ಎಂಬರ್ಥದ ಪಾರಸೀ ಶಬ್ದದಿಂದ ಬಂದದ್ದು, ಮಂಗಳೂರಿನ ಮಿಷನ್ ನೇಯ್ಗೆ ಶಾಲೆಯಲ್ಲಿ ಆ ಬಣ್ಣವನ್ನು ಬಟ್ಟೆಗೆ ಹತ್ತಿಸುವ ಕ್ರಮವನ್ನು 1850ರ ದಶಕದಲ್ಲಿ ರೂಢಿಸಿದವನು ಜಾನ್ ಹಾಲರ್.

ಮೈಸೂರು ಸೀಮೆಯ ಉದಾಹರಣೆಯೂ ಒಂದಿರಲಿ. ಒಂದನೆಯ ಮಹಾಯುದ್ಧದ ಸಮಯದಲ್ಲಿ ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಮರ ರಾಶಿಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ ವಿಶ್ವೇಶ್ವರಯ್ಯನವರೂ 1916ರಲ್ಲಿ ಗಂಧದೆಣ್ಣೆಯ ತಯಾರಿಕೆಯನ್ನು ಆರಂಭಿಸಿದರು. ಸಾಬೂನಿನ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಹೀಗೆ ಬಂದದ್ದು ಮೈಸೂರು ಸ್ಯಾಂಡಲ್ ಸಾಬೂನು. ಪೊಟ್ಟಣದ ಮೇಲೆ ಆನೆಯ ತಲೆ, ಸಿಂಹದ ಮೈಯುಳ್ಳ ಶರಭ. ಒಳಗೆ ಪಶ್ಚಿಮದ ರಸಾಯನವಿದ್ಯೆ ಮತ್ತು ಮಲೆನಾಡಿನ ಪರಿಮಳ. ‘ಸಾಬೂನು’ ಎಂಬ ಶಬ್ದವನ್ನಂತೂ ನಮ್ಮ ನೆರೆಯ ಅರಬ್ಬೀ ಅಂಗಡಿಯವರಿಗೆ ಅನುವಾದಿಸಿ ಹೇಳಬೇಕಾಗಿಲ್ಲ.

ಅಡುಗೆಮನೆಯ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರು ಅಮೆರಿಕಾ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದರು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಪಿಟೀಲನ್ನು ನೆಲೆಗೊಳಿಸಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮೊದಲಿಗರು. ಅದೇ ವಾದ್ಯಕ್ಕೆ ಏಳು ತಂತಿ ಕಟ್ಟಿದವರು ಮೈಸೂರಿನ ಟಿ. ಚೌಡಯ್ಯನವರು. ಇವನ್ನೆಲ್ಲ ಯಾವ ಬದಿಗೆ ಬರೆಯೋಣ?

ವ್ಯತ್ಯಾಸ ನಿಜವಾಗಿದ್ದ ಎರಡು ಕಡೆ

ಹಾಗಾದರೆ ಎಲ್ಲವೂ ಬೆರಕೆಯೇ, ವ್ಯತ್ಯಾಸವೇ ಇಲ್ಲವೆ ಎಂದು ಕೇಳಬಹುದು. ಖಂಡಿತ ಇದೆ. ವಸ್ತುಗಳು ಸುಲಭವಾಗಿ ಗೆರೆ ದಾಟುತ್ತವೆ. ಮನೆ, ಮಣ್ಣು, ಕಾಡುಗಳ ಮೇಲಿನ ಹಕ್ಕಿನ ವಿಷಯದಲ್ಲಿ ಎರಡು ಕಲ್ಪನೆಗಳು ಮುಖಾಮುಖಿಯಾದವು. ಆ ಜಗಳದ ಗುರುತುಗಳು ನಮ್ಮ ಕುಟುಂಬಗಳಲ್ಲಿ ಇಂದಿಗೂ ಇವೆ.

ಮೊದಲನೆಯದು ಕುಟುಂಬ. ಚಾರ್ಟಿನ ಎಡಬದಿಯ ‘ಭಾರತೀಯ ಅವಿಭಕ್ತ ಕುಟುಂಬ’ದಲ್ಲಿ ಸಾಮಾನ್ಯವಾಗಿ ಅಜ್ಜ ಯಜಮಾನ, ಆಸ್ತಿ ತಂದೆಯಿಂದ ಮಗನಿಗೆ. ತುಳುನಾಡಿನ ಬಂಟ, ಬಿಲ್ಲವ ಮೊದಲಾದ ಅನೇಕ ಸಮುದಾಯಗಳಲ್ಲಿ ಹಾಗಿರಲಿಲ್ಲ. ಅಲ್ಲಿ ನಡೆದದ್ದು ಅಳಿಯಸಂತಾನ ಕಟ್ಟು. ಜನರ ನಂಬಿಕೆಯಲ್ಲಿ ಅದು ಭೂತಾಳಪಾಂಡ್ಯನ ಕಟ್ಟಳೆ. ಬಳಿ, ಮನೆತನ, ಆಸ್ತಿಯ ಹಕ್ಕು ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಯಜಮಾನಿಕೆ ಬಹುತೇಕ ಸೋದರಮಾವನ ಕೈಯಲ್ಲಿದ್ದರೂ ಹಿರಿಯ ಹೆಂಗಸು ಯಜಮಾನತಿಯಾಗುವುದಕ್ಕೆ ಅಡ್ಡಿಯಿರಲಿಲ್ಲ. ಗಂಡ ಸತ್ತರೆ ಹೆಂಡತಿ ನೆಲೆ ಕಳೆದುಕೊಳ್ಳುತ್ತಿರಲಿಲ್ಲ, ಏಕೆಂದರೆ ಅವಳ ನೆಲೆ ಅವಳ ತಾಯಿಮನೆಯಲ್ಲಿಯೇ ಇತ್ತು. ಈ ಪದ್ಧತಿ ಬ್ರಿಟಿಷ್ ನ್ಯಾಯಾಲಯಗಳ ಕಟಕಟೆ ಹತ್ತಿ, ಮಕ್ಕಳ ಹಕ್ಕು ಮತ್ತು ಪಾಲಿನ ವ್ಯಾಜ್ಯಗಳ ನಡುವೆ ಮೆತ್ತಗೆ ಬದಲಾಯಿತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, ಅದರ ಬಳಿಕ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಅದರ ಹಳೆಯ ರೂಪ ಉಳಿಯಲಿಲ್ಲ. ಈಗ ಮಗುವಿನ ಚಾರ್ಟನ್ನು ನೋಡಿ. ‘ಸ್ತ್ರೀಗೆ ಆಸ್ತಿಹಕ್ಕು’ ಎಂಬುದನ್ನು ಅದು ಬಲಬದಿಗೆ ಬರೆಯುತ್ತದೆ. ಅದರ ಮುತ್ತಜ್ಜಿ ಇದ್ದಿದ್ದರೆ ನಕ್ಕುಬಿಡುತ್ತಿದ್ದಳು.

ಎರಡನೆಯದು ಕಾಡು. ಕೊಡಗಿನಲ್ಲಿ ಸಾವಿರಕ್ಕೂ ಮಿಗಿಲಾದ ದೇವರಕಾಡುಗಳಿವೆ, ಕರಾವಳಿಯಲ್ಲಿ ನಾಗಬನಗಳಿವೆ. ಕಾಡು ಎಂದರೆ ದೈವದ ನೆಲೆ, ಮದ್ದಿನ ಬೇರು, ಗದ್ದೆಯ ಸೊಪ್ಪು. ಕಂಪನಿ ಸರ್ಕಾರಕ್ಕೂ ಬಳಿಕ ಬ್ರಿಟಿಷ್ ಸರ್ಕಾರಕ್ಕೂ ಅದು ಹಡಗಿನ, ರೈಲಿನ ಮರವಾಗಿ, ವರಮಾನವಾಗಿ ಕಂಡಿತು. 19ನೆಯ ಶತಮಾನದ ನಡುಭಾಗದಲ್ಲಿ ಪಶ್ಚಿಮಘಟ್ಟದ ಕುಮರಿ ಬೇಸಾಯಕ್ಕೆ ತಡೆ ಬಂದಿತು. 1878ರ ಅರಣ್ಯ ಕಾಯಿದೆ ಸರ್ಕಾರದ ಹಿಡಿತವನ್ನು ಬಿಗಿಗೊಳಿಸಿತು. ಇದು ನಿಜವಾದ ಮೌಲ್ಯಸಂಘರ್ಷ.

ಆದರೆ ಇಲ್ಲಿಯೂ ಗೆರೆ ಬಿಳಿಯರು ಮತ್ತು ಭಾರತೀಯರ ನಡುವೆ ಮುಗಿಯುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. ಬೇಸಗೆಯ ಮೊದಲಿಗೆ ನೆಲದ ಒಣ ತರಗನ್ನು ಸುಟ್ಟು ಹೊಸ ಹುಲ್ಲು ಬರಿಸುವ ‘ತರಗು ಬೆಂಕಿ’ ಅವರ ಹಿರಿಯರ ವಿದ್ಯೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಅದು ನಿಂತಿತು. ಅವರ ಅನೇಕ ಪೋಡುಗಳೂ ಸ್ಥಳಾಂತರಗೊಂಡವು. ಆಗ ಆಳುತ್ತಿದ್ದವರು ನಾವೇ. ಬೆಂಕಿ ನಿಂತ ಮೇಲೆ ಲಂಟಾನದ ಪೊದೆ ಕಾಡನ್ನು ಮುತ್ತಿಕೊಂಡಿತೆಂದು ಸೋಲಿಗರು ಹೇಳುತ್ತಾರೆ. ಆ ಲಂಟಾನ ಬ್ರಿಟಿಷರ ಕಾಲದಲ್ಲಿ ಅಲಂಕಾರದ ಗಿಡವಾಗಿ ಬಂದದ್ದು. 2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಮೂಲನಿವಾಸಿಗಳ ಮೌಲ್ಯ ಎಂಬ ಮಾತನ್ನು ಚಾರ್ಟಿನಲ್ಲಿ ಬರೆಯುವುದಾದರೆ ಮೊದಲು ಅವರ ಹೆಸರು ಬರಬೇಕು. ಅವರ ಕಾಡಿನ ಕಾನೂನನ್ನು ಬರೆದ ನಗರವಾಸಿಗಳು ಎಡಬದಿಯಲ್ಲಿ ಅವರ ಪಕ್ಕದಲ್ಲಿ ಸುಮ್ಮನೆ ನಿಂತುಬಿಡಲಾಗದು.

ಎಡಬದಿಯಲ್ಲಿ ಕಾಣದವರು

ಎಡಬದಿಗೆ ನಾವು ‘ಸಹಬಾಳ್ವೆ’, ‘ಅತಿಥಿಸತ್ಕಾರ’ ಎಂದು ಬರೆಯುತ್ತೇವೆ. ಕರಾವಳಿಯ ಮೂಲನಿವಾಸಿಗಳಾದ ಕೊರಗರಿಗೆ ಆ ಸತ್ಕಾರ ಸಿಕ್ಕಿತೆ? ಮೇಲ್ಜಾತಿಯವರ ರೋಗ ಅನಿಷ್ಟಗಳನ್ನು ಅವರ ಮೇಲೆ ದಾಟಿಸುವುದೆಂಬ ನಂಬಿಕೆಯಿಂದ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುವಂತಹ ‘ಅಜಲು’ ಪದ್ಧತಿ ನಮ್ಮ ಊರುಗಳಲ್ಲಿಯೇ ಇತ್ತು. ಅದನ್ನು ನಿಷೇಧಿಸುವ ಕರ್ನಾಟಕದ ಕಾಯಿದೆ ಬಂದದ್ದು 2000ದಲ್ಲಿ. ಡೋಲು ಬಡಿಯುವ ಕೊರಗರ ಚಿತ್ರವನ್ನು ಎಡಬದಿಯ ಅಲಂಕಾರಕ್ಕೆ ಬಳಸುವ ಮುನ್ನ ಈ ವರ್ಷವನ್ನು ನೆನೆಯಬೇಕು.

ಇದೇ ನೆಲದಲ್ಲಿ ಕುದ್ಮುಲ್ ರಂಗರಾಯರು (1859–1928) 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದರು. ಕಾಸರಗೋಡು ಸೀಮೆಯ ಸಾರಸ್ವತ ಕುಟುಂಬದಲ್ಲಿ ಹುಟ್ಟಿ, ಬ್ರಹ್ಮಸಮಾಜವನ್ನು ಸೇರಿ, ದಲಿತ ಮಕ್ಕಳಿಗೆ ಶಾಲೆ ತೆರೆದು, ಸ್ವಂತ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದರು. ಸಮಾನತೆಯ ಮಾತನ್ನು ಅವರು ಉಪನಿಷತ್ತಿನಿಂದ ಪಡೆದರೆ, ಇಂಗ್ಲಿಷ್ ಶಿಕ್ಷಣದಿಂದ ಪಡೆದರೆ? ಬ್ರಹ್ಮಸಮಾಜದಲ್ಲಿ ಎರಡೂ ಸೇರಿಕೊಂಡಿದ್ದವು. ಅವರ ಶಾಲೆಯಲ್ಲಿ ಅಕ್ಷರ ಕಲಿತ ಮಗುವಿಗೆ ಆ ಪ್ರಶ್ನೆ ಮುಖ್ಯವಾಗಿರಲಿಲ್ಲ. ಬಾಗಿಲು ತೆರೆದದ್ದು ಮುಖ್ಯವಾಗಿತ್ತು. ರಂಗರಾಯರನ್ನು ನಡುಗೆರೆಯ ಮೇಲೆಯೇ ನಿಲ್ಲಿಸಬೇಕಾಗುತ್ತದೆ.

ನಮ್ಮ ಕಾಲ ಕೆಳಗಿನ ನೆಲ

ನಮ್ಮ ಮಕ್ಕಳು ಎರಡು ಬದಿಗಳ ಚಾರ್ಟ್ ಬರೆಯುವುದು ಆ ಎರಡೂ ಅಲ್ಲದ ಮೂರನೆಯ ನೆಲದಲ್ಲಿ. ರೌಂಡಬೌಟಿನ ಸಂಖ್ಯೆಯಿಂದ ವಿಳಾಸ ಹೇಳುವ ಹಮದ್ ಟೌನ್ 1980ರ ದಶಕದಲ್ಲಿ ಕಟ್ಟಿದ ಹೊಸ ಊರು. ಆದರೆ ಅದು ಕುಳಿತಿರುವುದು ದಿಲ್ಮುನ್ ನಾಗರಿಕತೆಯ ಸಮಾಧಿದಿಬ್ಬಗಳ ನೆಲದ ಮೇಲೆ. ಕ್ರಿ.ಪೂ. 2200ರಿಂದ 1750ರ ನಡುವೆ ಕಟ್ಟಿದ ಈ ದಿಬ್ಬಗಳಲ್ಲಿ ಉಳಿದ 11,774 ದಿಬ್ಬಗಳನ್ನು, ಹಮದ್ ಟೌನಿನ ಕೆಲವು ಸಮೂಹಗಳೂ ಸೇರಿದಂತೆ, 2019ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಊರು ಕಟ್ಟುವ ಮೊದಲು ನಡೆದ ಉತ್ಖನನಗಳಲ್ಲಿ ಒಂದನ್ನು 1984–85ರಲ್ಲಿ ಕೈಗೊಂಡದ್ದು ಕೆ. ಎಂ. ಶ್ರೀವಾಸ್ತವ ಅವರ ನೇತೃತ್ವದ ಭಾರತೀಯ ತಂಡವೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು.

ಬಹ್ರೇನಿನಲ್ಲಿ ಸಿಂಧೂ ಲಿಪಿಯ ಗುರುತುಗಳುಳ್ಳ ಮುದ್ರೆಗಳು ದೊರೆತಿವೆ; ಇಲ್ಲಿನ ವರ್ತಕರ ತೂಕದ ಕಲ್ಲುಗಳು ಸಿಂಧೂ ಕಣಿವೆಯ ತೂಕಕ್ಕೆ ಸರಿಹೊಂದುತ್ತವೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಎರಡು ನೆಲದ ಜನ ಒಂದೇ ತೂಕವನ್ನು ನಂಬಿದ್ದರು. ವ್ಯಾಪಾರದಲ್ಲಿ ನಂಬಿಕೆಗಿಂತ ದೊಡ್ಡ ಮೌಲ್ಯ ಯಾವುದು? ಮುಂದೆ 1521ರಲ್ಲಿ ಈ ದ್ವೀಪವನ್ನು ಹಿಡಿದ ಪೋರ್ಚುಗೀಸರೇ ನಮ್ಮ ಬಸ್ರೂರು, ಹೊನ್ನಾವರ, ಮಂಗಳೂರುಗಳಲ್ಲಿಯೂ ಕೋಟೆಯ ದಬ್ಬಾಳಿಕೆ ನಡೆಸಿದರು. ಉಳ್ಳಾಲದ ರಾಣಿ ಅಬ್ಬಕ್ಕ ಅವರನ್ನು ಎದುರಿಸಿದಳು. ಕೆನರಾದ ಅಕ್ಕಿ ಹೊರ್ಮುಜ್ ಮತ್ತು ಮಸ್ಕತ್‌ಗಳಿಗೆ ಹೋಗುತ್ತಿದ್ದ ಕಾಲವದು. 1965ರಲ್ಲಿ ದಿನಾರು ಬರುವವರೆಗೆ ಈ ದ್ವೀಪದಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಪೂರ್ವ, ಪಶ್ಚಿಮ ಎಂಬ ಎರಡೇ ಬದಿಗಳ ಕಾಗದದಲ್ಲಿ ನಮಗೆ ಅನ್ನ ಕೊಡುವ ಈ ನೆಲಕ್ಕೆ ಜಾಗವೇ ಇರುವುದಿಲ್ಲ.

ಚಾರ್ಟನ್ನು ಹೇಗೆ ಬರೆಯಬಹುದು?

ಸ್ಪರ್ಧೆ ನಡೆಯಲಿ, ವಿಷಯವೂ ಅದೇ ಇರಲಿ. ಮಕ್ಕಳಿಗೆ ನೆರವಾಗುವ ತಂದೆತಾಯಿಗಳಿಗೆ ನಮ್ಮ ಕೆಲವು ವಿನಂತಿಗಳಿವೆ.

ನಡುಗೆರೆಯನ್ನು ಅಗಲಿಸಿ ಒಂದು ಪಟ್ಟಿಯಾಗಿಸಿರಿ. ಗೆರೆ ದಾಟಿದ ವಸ್ತು, ಶಬ್ದ, ಮನುಷ್ಯರಿಗೆ ಅಲ್ಲಿ ಸ್ಥಳವಿರಲಿ: ಹೆಂಚು, ಖಾಕಿ, ಪಿಟೀಲು, ರಂಗರಾಯರು, ಬಹ್ರೇನಿನ ತೂಕದ ಕಲ್ಲು.

ಪ್ರತಿಯೊಂದು ಮೌಲ್ಯದ ಕೆಳಗೆ ಊರು ಮತ್ತು ವರ್ಷವನ್ನು ಬರೆಯಿಸಿರಿ. ‘ಪ್ರಕೃತಿಪ್ರೇಮ’ ಎಂದರೆ ಯಾರದ್ದೂ ಅಲ್ಲ; ‘ಕೊಡಗಿನ ದೇವರಕಾಡು’ ಎಂದರೆ ಅದಕ್ಕೆ ಬೇರು ಬರುತ್ತದೆ.

ಆದರ್ಶವನ್ನು ಆದರ್ಶದೊಡನೆ, ಆಚರಣೆಯನ್ನು ಆಚರಣೆಯೊಡನೆ ಹೋಲಿಸಿರಿ. ನಮ್ಮ ಶಾಸ್ತ್ರದ ಮಾತನ್ನು ಅವರ ಬೀದಿಯ ನೋಟದೊಂದಿಗೆ ತೂಗುವುದು ಮೆಕಾಲೆ ಮಾಡಿದ ಕೆಲಸವನ್ನೇ ತಿರುಗಿಸಿ ಮಾಡಿದಂತೆ.

ಪ್ರತಿ ಬದಿಯ ಕೆಳಗೆ ಒಂದೇ ಪ್ರಶ್ನೆಯಿರಲಿ: ಇದರಿಂದ ಯಾರಿಗೆ ಹಿತವಾಯಿತು, ಯಾರಿಗೆ ನೋವಾಯಿತು?

ಕೊನೆಯದಾಗಿ ಬರಹದ ಮಾತು. ಒಂದು ಕಾಗದಕ್ಕೆ ಐದು ಸಂಗತಿಗಳು ಸಾಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ಆರಡಿ ದೂರದಿಂದ ಓದಲು ಬರುವಂತಿರಲಿ.

ಚಾರ್ಟ್ ಕಾಗದ ತರುವ ಮೊದಲು ಊರಿಗೊಂದು ಫೋನು ಮಾಡಿ ಮಗುವಿನ ಕೈಗೆ ಕೊಡಿ. ಅಜ್ಜಿಯ ತಾಯಿಯ ಮನೆ ಯಾವುದು, ಬಳಿ ಯಾವುದು, ಮನೆಯ ಆಸ್ತಿ ಯಾರ ಹೆಸರಿನಲ್ಲಿತ್ತು, ಮನೆಗೆ ಹೆಂಚು ಯಾವಾಗ ಬಂತು, ಅಂಗಳದವರೆಗೆ ಮಾತ್ರ ಬರಲು ಅನುಮತಿಯಿದ್ದವರು ಯಾರು ಎಂದು ಮಗುವೇ ಕೇಳಲಿ. ಕೊನೆಯ ಪ್ರಶ್ನೆಗೆ ಆ ಕಡೆ ಸ್ವಲ್ಪ ಹೊತ್ತು ಮೌನವಿರಬಹುದು. ಉತ್ತರ ಬರುವವರೆಗೆ ಮಗು ಕಾಯಲಿ, ಬಂದುದನ್ನು ಹಾಗೆಯೇ ಬರೆಯಲಿ.